ಗಂಟು ಬೀಳದ ಕುಚ್ಚು

ಟಿಕ್. ಸ್ವಲ್ಪ ತಡೆದು ಮತ್ತೆ, ಟಿಕ್ ಟಿಕ್.

ಮರದ ಕಡ್ಡಿಗೆ ಮರದ ಕಡ್ಡಿ ತಾಗುವ ಸದ್ದು. ಊಟದ ಬಿಡುವಿನಲ್ಲಿ ಮನೆಗೆ ಬಂದ ಉಣ್ಣೆಯಮ್ಮ ಕೀಲಿಯನ್ನು ಬೀಗಕ್ಕೆ ಹಾಕದೆ ಮೆಟ್ಟಿಲ ಮೇಲೆ ಹಾಗೇ ನಿಂತಳು. ಹೆಣಿಗೆಯ ಕಡ್ಡಿ ಆಡುವ ಸದ್ದು ಆಕೆಗೆ ತನ್ನ ಉಸಿರಿನಷ್ಟು ಪರಿಚಯದ್ದು. ಆದರೆ ಆ ಮನೆಯಲ್ಲಿ ಈಗ ಹೆಣೆಯುತ್ತಿದ್ದವಳು ಆಕೆಯೊಬ್ಬಳೇ. ಆಕೆಯೋ ಬಾಗಿಲ ಹೊರಗಿದ್ದಳು. ಒಳಗಿದ್ದದ್ದು ಅಕ್ಕ. ಚಳಿಗಾಲದ ಮೊದಲಲ್ಲಿ ಲಕ್ವ ಹೊಡೆದು ಅಕ್ಕನ ಬಲಗಡೆಯೆಲ್ಲ ಬಿದ್ದುಹೋಗಿತ್ತು. ಬಲಗೈ ಹಿಂಡಿಟ್ಟ ಬಟ್ಟೆಯ ಹಾಗೆ ಹೊಟ್ಟೆಯ ಮೇಲೆ ಇರುತ್ತಿತ್ತು, ಇಟ್ಟರೆ ಇಟ್ಟಲ್ಲೇ.

ಕೀಲಿ ತಿರುಗಿದ ಕೂಡಲೇ ಸದ್ದು ನಿಂತಿತು.

ಒಳಗೆ ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಬಿಸಿಲು ಕಿಟಕಿಯ ಸರಳುಗಳನ್ನು ಹೊದಿಕೆಯ ಮೇಲೆ ಚಾಚಿತ್ತು. ಮಂಚದ ಕಾಲ್ದೆಸೆಯಲ್ಲಿ ಹೆಣಿಗೆಯ ಚೀಲ ಇಟ್ಟಲ್ಲೇ ಇತ್ತು. ಉಣ್ಣೆಯಮ್ಮ ಚಪ್ಪಲಿಯನ್ನೂ ಬಿಡದೆ ಚೀಲಕ್ಕೆ ಕೈಹಾಕಿ ಬೂದು ಬಣ್ಣದ ಶಾಲನ್ನು ಹೊರಗೆಳೆದಳು. ಬೆಳಗ್ಗೆ ಬಿಟ್ಟುಹೋದದ್ದಕ್ಕಿಂತ ಅದು ಉದ್ದವಾಗಿತ್ತು. ಹೆಚ್ಚೇನಲ್ಲ, ಒಂದು ಬೆರಳಿನಗಲ.

"ಬಂದ್ಯಾ ಪುಟ್ಟಿ?" ಅಂದಳು ಅಕ್ಕ, ತಿರುಗದೆ. ಲಕ್ವದ ನಂತರ ಅವಳ ಮಾತು ದಪ್ಪನಾಗಿ, ಅಂಚು ಸವೆದು ಬರುತ್ತಿತ್ತು.

"ಬಂದೆ. ನಿದ್ದೆ ಬಂತಾ?"

"ಅದಕ್ಕೇನು ಬೇರೆ ಕೆಲಸ ಇದೆಯಾ? ಬರುತ್ತೆ, ಹೋಗುತ್ತೆ, ನಮ್ಮ ಪಾಸ್ಟರಯ್ಯನ ಥರ."

ಉಣ್ಣೆಯಮ್ಮ ನಗಲಿಲ್ಲ. ಶಾಲನ್ನು ಮಡಿಲಲ್ಲಿಟ್ಟುಕೊಂಡು ಹೊಸ ಸಾಲುಗಳನ್ನು ಬಿಚ್ಚತೊಡಗಿದಳು. ಎಳೆ ಸುರುಳಿ ಸುರುಳಿಯಾಗಿ, ಸುಟ್ಟ ಕೂದಲಿನಂತೆ, ನೆಲಕ್ಕೆ ಬಿತ್ತು.

ಆಕೆಯ ಕೆಲಸ ರೈಲು ನಿಲ್ದಾಣದ ಸಾಮಾನು ಕೊಠಡಿಯಲ್ಲಿ. ಊರು ಸುತ್ತಲು ಹೋಗುವ ಪ್ರಯಾಣಿಕರು ಪೆಟ್ಟಿಗೆ, ಚೀಲಗಳನ್ನು ಅಲ್ಲಿ ಬಿಟ್ಟುಹೋಗುತ್ತಾರೆ. ಒಂದೇ ಸಂಖ್ಯೆಯ ಎರಡು ಹಿತ್ತಾಳೆ ಬಿಲ್ಲೆಗಳಲ್ಲಿ ಒಂದನ್ನು ಪೆಟ್ಟಿಗೆಯ ಹಿಡಿಗೆ ಕಟ್ಟಿ ಇನ್ನೊಂದನ್ನು ಅವರ ಕೈಗೆ ಕೊಡಬೇಕು. ರೈಲಿಲ್ಲದ ಹೊತ್ತಿನಲ್ಲಿ ಆಕೆ ಗೂಡುಗಳ ನಡುವೆ ಸ್ಟೂಲು ಹಾಕಿಕೊಂಡು ಹೆಣೆಯುತ್ತಾಳೆ. ಉಂಡೆ ಉರುಳಿ ಕೌಂಟರಿನಾಚೆ ಹೋದರೆ ಕೂಲಿಗಳು ಕಾಲಲ್ಲಿ ತಡೆದು ತಂದುಕೊಡುತ್ತಾರೆ. ಉಣ್ಣೆಯಮ್ಮ ಎಂಬ ಹೆಸರು ಅವರೇ ಇಟ್ಟದ್ದು. ಸಭೆಯವರೂ ಅದನ್ನೇ ಹಿಡಿದುಕೊಂಡರು.

ಸಭೆ ಎಂದರೆ ಆ ಬೀದಿಯ ಮೆಥೊಡಿಸ್ಟ್ ಸಭೆ. ಅಚ್ಚುಕೂಟಕ್ಕೂ ಸೈಕಲ್ ಅಂಗಡಿಗೂ ನಡುವೆ ಅಡಕವಾಗಿ ನಿಂತ, ಸುಣ್ಣ ಬಳಿದ ಪುಟ್ಟ ಚರ್ಚು. ಅಲ್ಲಿ ಹಾಡು ದೊಡ್ಡದು, ಉಪದೇಶ ಸಣ್ಣದು, ಟೀ ಬಿಸಿ ಎಂದು ಸೈಕಲ್ ಅಂಗಡಿಯವನು ಹೇಳುವುದುಂಟು. ಬಾಗಿಲು ತಟ್ಟಿದವರಿಗೆ ಊಟ ಹಾಕುವುದು, ಜೈಲಿನಿಂದ ಬಂದವರಿಗೆ ಕೆಲಸ ಹುಡುಕುವುದು, ಹಾಸಿಗೆ ಹಿಡಿದವರ ಮನೆಗೆ ಹೋಗಿ ಹಾಡುವುದು ಅವರ ಸೇವೆ. ಇದರ ಜೊತೆಗೆ ಶಾಲು. ಅದನ್ನು ಶುರು ಮಾಡಿದವಳೇ ಅಕ್ಕ, ಆಗಿನ್ನೂ ಗಾಯನ ವೃಂದದಲ್ಲಿ ಮಂದ್ರಕ್ಕೆ ನಿಲ್ಲುತ್ತಿದ್ದವಳು. ಅಪ್ಪ ಅಮ್ಮ ಬೇಗ ತೀರಿಕೊಂಡ ಮನೆಯಲ್ಲಿ ತಂಗಿಗೆ ತಲೆ ಬಾಚಿದವಳೂ ಕಡ್ಡಿ ಹಿಡಿಯಲು ಕಲಿಸಿದವಳೂ ಅವಳೇ. ತಂಗಿಯ ಗಂಡ ಹೋದಾಗ, "ಬಾ, ಇಲ್ಲೂ ಒಂದು ಮಂಚ ಹಿಡಿಸುತ್ತೆ" ಎಂದು ಕರೆದುಕೊಂಡು ಬಂದವಳೂ ಅವಳೇ.

ಶಾಲಿನ ಪದ್ಧತಿ ಇದು: ರೋಗಿಯ ಹೆಸರು ಹೇಳಿ, ಸಾಲಿಗೊಂದು ಪ್ರಾರ್ಥನೆಯಂತೆ ಒಬ್ಬಳು ಹೆಣೆಯಬೇಕು. ಅಂಚಿನಲ್ಲಿ ಕುಚ್ಚಿಗೆಂದು ಎಳೆಗಳನ್ನು ಬಿಡಿಯಾಗಿ ಬಿಟ್ಟಿರಬೇಕು. ಭಾನುವಾರ ಶಾಲು ಬೆಂಚಿನಿಂದ ಬೆಂಚಿಗೆ ಸಾಗುತ್ತದೆ. ಪ್ರತಿಯೊಬ್ಬರೂ ಎರಡು ಎಳೆ ಕೂಡಿಸಿ, ರೋಗಿಯನ್ನು ನೆನೆದು, ಒಂದು ಗಂಟು ಹಾಕುತ್ತಾರೆ. ಆ ಮೇಲೆ ಸ್ತ್ರೀಯರ ಸಂಘದವರು ಅದನ್ನು ಒಯ್ದು ಹೊದಿಸುತ್ತಾರೆ, ಸಭೆಗೆ ಸೇರಿದವರೋ ಅಲ್ಲವೋ ಎಂದು ಕೇಳದೆ. ಬೆರಳಾಡಿಸಿದರೆ ಗಂಟುಗಳು ಸಿಗುತ್ತವೆ. ಅಷ್ಟೂ ಜನ ಹೆಗಲ ಮೇಲೆ ಕೈಯಿಟ್ಟು ಹೋದ ಹಾಗೆ.

ಅಕ್ಕನ ಕಣ್ಣು ಮಂಜಾದ ಮೇಲೆ ಹೆಣಿಗೆ ತಂಗಿಯ ಪಾಲಿಗೆ ಬಂತು. ನಿವೃತ್ತ ಅಂಚೆಯವರು, ಹಾಲಿನಂಗಡಿಯ ಅಜ್ಜಿ, ಎದೆರೋಗದ ಬಡಗಿ, ಹೀಗೆ ಶಾಲು ಹೊದ್ದವರು ಒಬ್ಬೊಬ್ಬರಾಗಿ ಹೋದರು. ಡಾಕ್ಟರು ಕೈಬಿಟ್ಟವರ ಮನೆಗೇ ಹೆಚ್ಚಾಗಿ ಸಂಘ ಶಾಲು ಒಯ್ಯುತ್ತಿದ್ದದ್ದು. ಹೋಗದೆ ಇನ್ನೇನು? ಕೊಡೆ ಬಿಚ್ಚಿದ್ದಕ್ಕೇ ಮಳೆ ಬಂತು ಎಂದು ಯಾರೂ ಅನ್ನಲಿಲ್ಲ, ಆಟದ ಮೇಷ್ಟ್ರ ವಿಷಯ ಆಗುವತನಕ.

ಮೇಷ್ಟ್ರು ಗಟ್ಟಿಮುಟ್ಟಾದ ಯುವಕ. ಶಾಲೆಯ ಮೈದಾನದಲ್ಲಿ ಬಿದ್ದು ಕಾಲು ಮುರಿದುಕೊಂಡಿದ್ದ, ಅಷ್ಟೆ. ಬೇಸರ ಕಳೆಯಲೆಂದು ಅವನಿಗೆ ಕೆಂಪು ಶಾಲು ಹೋಯಿತು. ಅದನ್ನು ಹೆಗಲಿಗೆ ಹಾಕಿಕೊಂಡು ರಾಜನ ಹಾಗೆ ಕೂತು, ನೋಡಲು ಹೋದ ಹೆಂಗಸರನ್ನೆಲ್ಲ ನಗಿಸಿದ. ಅವರು ಮನೆ ಮುಟ್ಟುವ ಮೊದಲೇ ಸತ್ತ. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಎದೆಗೇರಿತು ಎಂದರು ಡಾಕ್ಟರು. ಸಭೆ ಡಾಕ್ಟರ ಮಾತನ್ನು ಕೇಳಿತು, ಶಾಲನ್ನು ನೋಡಿತು.

ಮುಂದಿನ ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ, ಗಾಯನ ವೃಂದದ ಕ್ಷೌರಿಕ ಕುತ್ತಿಗೆ ಮುಚ್ಚಿಕೊಂಡು, "ಉಣ್ಣೆಯಮ್ಮಾ, ಹಾಗೆ ನೋಡ್ಬೇಡಿ! ಕಣ್ಣಲ್ಲೇ ಅಳತೆ ತಗೊಂಡುಬಿಟ್ಟೀರಿ. ನಂಗಿನ್ನೂ ಇಬ್ಬರು ಹೆಣ್ಣುಮಕ್ಕಳ ಮದುವೆ ಇದೆ" ಅಂದ. ಅವನೊಬ್ಬನೇ ನಕ್ಕ. ಉಳಿದವರು ತಮ್ಮ ತಮ್ಮ ಕಾಲರು, ಸೆರಗು ಸರಿಮಾಡಿಕೊಂಡರು.

ಅಲ್ಲಿಂದ ಬೀದಿಯ ನಡೆ ಬದಲಾಯಿತು. ಆಕೆ ಚೀಲ ಹಿಡಿದು ಬರುವುದು ಕಂಡರೆ ಪರದೆಗಳು ಮೆಲ್ಲಗೆ ಜಾರುತ್ತಿದ್ದವು. ಆಡುತ್ತಿದ್ದ ಮಕ್ಕಳನ್ನು ಯಾರೋ ಒಳಗಿನಿಂದ ಕರೆಯುತ್ತಿದ್ದರು, ಹೆಸರು ಹಿಡಿಯದೆ, ಬರೀ "ಬನ್ರೋ" ಎಂದು. ಒಂದು ಬೆಳಗ್ಗೆ ಹೊಸಿಲಿನ ಹತ್ತಿರ ಕಾಗದದ ಪೊಟ್ಟಣವೊಂದು ಕಂಡಿತು. ಒಳಗೆ ಆಕೆಯೇ ಹೆಣೆದ ಹಸಿರು ಶಾಲು, ಅಂದವಾಗಿ ಮಡಚಿದ್ದು. ಕುಚ್ಚುಗಳನ್ನೆಲ್ಲ ಕತ್ತರಿಯಿಂದ ನೀಟಾಗಿ ಕತ್ತರಿಸಿ ತೆಗೆದಿದ್ದರು. ಅದು ಹೋದದ್ದು ಜ್ವರದಿಂದ ಚೇತರಿಸಿಕೊಂಡಿದ್ದ ದರ್ಜಿಯ ಹೆಂಡತಿಗೆ. ಆಕೆ ಚೆನ್ನಾಗಿಯೇ ಇದ್ದಳು, ಚೆನ್ನಾಗಿಯೇ ಇರಬೇಕೆಂದಿದ್ದಳು.

ಎಲ್ಲಕ್ಕಿಂತ ಹೆಚ್ಚು ಹೆದರಿಸಿದವಳು ಸಾಮಾನು ಕೊಠಡಿಗೆ ಬಂದ ಒಬ್ಬ ಹೆಂಗಸು. ಒಳ್ಳೆಯ ಸೀರೆ, ತಗ್ಗಿದ ದನಿ. ಅವಳ ಕೈಯಲ್ಲಿ ಪೆಟ್ಟಿಗೆಯೂ ಇರಲಿಲ್ಲ, ಚೀಲವೂ ಇರಲಿಲ್ಲ.

"ಶಾಲು ಹೆಣೆಯೋರು ನೀವೇ ಅಲ್ವಾ?"

"ಹೌದಮ್ಮ."

"ನಮ್ಮತ್ತೆಗೆ ಒಂದು ಬೇಕಿತ್ತು. ಹಾಸಿಗೆ ಹಿಡಿದುಬಿಟ್ಟಿದ್ದಾರೆ. ತುಂಬ ನರಳ್ತಾರೆ." ಅವಳು ಕೌಂಟರಿನ ಮೇಲೆ ಬಾಗಿದಳು. "ಬೇಗ ಆಗುತ್ತಾ?"

ಆ ಕಣ್ಣಲ್ಲಿ ಕರುಣೆ ಇತ್ತೋ ಆತುರ ಇತ್ತೋ, ಎಷ್ಟು ನೋಡಿದರೂ ಉಣ್ಣೆಯಮ್ಮನಿಗೆ ತಿಳಿಯಲಿಲ್ಲ. ಆಗುವುದಿಲ್ಲ ಎಂದು ಹೇಳಿ, ಕಡ್ಡಿಗಳನ್ನು ಚೀಲಕ್ಕೆ ತುರುಕಿದಳು.

ಪಾಸ್ಟರಯ್ಯ ಧೈರ್ಯಸ್ಥರು. "ಉಣ್ಣೆಗೆ ಕಣ್ಣಿಲ್ಲ, ಕಡ್ಡಿಗೆ ಕಿವಿಯಿಲ್ಲ, ಶಕುನ ಹುಡುಕುವವರು ದೇವರ ಮಕ್ಕಳಲ್ಲ" ಎಂದು ವೇದಿಕೆಯಿಂದ ಗುಡುಗಿದರು. ಅದೇ ವಾರ ಅವರ ತಾಯಿ ಬಚ್ಚಲಲ್ಲಿ ಜಾರಿಬಿದ್ದರು. ಮಾರನೆಯ ದಿನ ಅವರು ಅಕ್ಕತಂಗಿಯರ ಮನೆಗೆ ಬಂದು, ಪ್ರಾರ್ಥನೆ ಮಾಡಿ, ಟೀ ಕುಡಿದು, ಬಸಿಯನ್ನು ತಿರುಗಿಸುತ್ತ ತಿರುಗಿಸುತ್ತ ಹೇಳಿದರು: "ನಮ್ಮಮ್ಮನಿಗೆ ಹೊದಿಕೆ ಬೇಕಾದಷ್ಟಿದೆ. ನೀವು ತೊಂದರೆ ತಗೋಬೇಡಿ."

ಅವರು ಇಳಿದುಹೋದ ಮೇಲೆ ಅಕ್ಕ ಹಾಸಿಗೆಯಲ್ಲೇ ಕುಲುಕಿ ಕುಲುಕಿ ನಕ್ಕಳು. "ಉಣ್ಣೆಗೆ ಕಣ್ಣಿಲ್ಲ ಸರಿ, ಅಯ್ಯನವರ ಕಣ್ಣು ಮಾತ್ರ ಎಷ್ಟು ದೊಡ್ಡದಾಗಿತ್ತು ನೋಡಿದ್ಯಾ?"

ಉಣ್ಣೆಯಮ್ಮನ ಕಣ್ಣು ಬೂದು ಶಾಲಿನ ಮೇಲಿತ್ತು. ಅಕ್ಕನಿಗೆ ಲಕ್ವ ಹೊಡೆದ ವಾರವೇ ಶುರು ಮಾಡಿದ್ದು ಅದು. ಮೇಷ್ಟ್ರು ಸತ್ತ ದಿನ ಮುಗಿಯಲು ಒಂದು ಗೇಣು ಬಾಕಿಯಿತ್ತು. ಅಲ್ಲಿಗೇ ನಿಲ್ಲಿಸಿದ್ದಳು. ಆಕೆ ಬುದ್ಧಿಯಿಂದ ನಂಬುವವಳಲ್ಲ, ಆದರೆ ಬೆರಳು ನಂಬಿಬಿಟ್ಟಿದ್ದವು. ಚೀಲವನ್ನು ಅಟ್ಟಕ್ಕೆ ಹಾಕಹೋದಾಗ ಅಕ್ಕನೇ, "ಇಲ್ಲೇ ಕಾಲ ಹತ್ರ ಇಡು, ಕಣ್ಣಿಗೆ ಕಾಣ್ತಿರಲಿ" ಎಂದಿದ್ದಳು.

ಸದ್ದು ಶುರುವಾದದ್ದು ಆಮೇಲೆ.

ಮಧ್ಯಾಹ್ನ ಬಿಚ್ಚುವಳು, ಮರುದಿನ ಬಂದರೆ ಮತ್ತೆ ಬೆಳೆದಿರುವುದು. ಹೊಸ ಸಾಲುಗಳು ಆಕೆಯ ಸಾಲುಗಳಂತಿರಲಿಲ್ಲ. ಬಿಗಿ, ಓರೆ, ಹಲ್ಲು ಕಚ್ಚಿ ಹೆಣೆದಂತೆ. ಮನೆಗೆ ಬರುವವಳು ಕೆಳಗಿನ ಮನೆಯ ಗಡಿಯಾರ ರಿಪೇರಿಯವನ ಹೆಂಡತಿಯೊಬ್ಬಳೇ, ಇನ್ನೊಂದು ಕೀಲಿ ಹಿಡಿದು, ಹಾಲು ಕೊಡಲು. ಅವಳಿಗೆ ಗುಂಡಿ ಹೊಲಿಯಲೂ ಬಾರದು. ಬಟ್ಟೆಗೇ ಮುಗಿಯುವ ಆಸೆ ಹುಟ್ಟಿದೆ ಎಂದು ಉಣ್ಣೆಯಮ್ಮನಿಗೆ ಅನ್ನಿಸತೊಡಗಿತು. ಗೂಡುಗಳ ನಡುವೆ ಕೂತಾಗಲೂ, ಹಳಿ ಕಾದು ಟಿಕ್ಕೆಂದರೆ ಬೆನ್ನು ಸೆಟೆಯುತ್ತಿತ್ತು. ಕೊನೆಗೊಂದು ಬೆಳಗ್ಗೆ ಶಾಲನ್ನು ಚೀಲಸಮೇತ ನಿಲ್ದಾಣಕ್ಕೆ ಒಯ್ದು, ಯಾರೂ ಕೇಳಿ ಬಾರದ ಸಾಮಾನುಗಳ ಮೇಲ್ಗೂಡಿನಲ್ಲಿ, ಹಳೆಯ ತಂಬೂರಿ ಪೆಟ್ಟಿಗೆಯೊಂದರ ಹಿಂದೆ ಇಟ್ಟಳು. ಅಭ್ಯಾಸಬಲದಿಂದ ಅದಕ್ಕೂ ಒಂದು ಬಿಲ್ಲೆ ಕಟ್ಟಿದಳು.

ಆ ಮಧ್ಯಾಹ್ನ ಬಾಗಿಲ ಹೊರಗೆ ಕಿವಿಗೊಟ್ಟರೆ ಸದ್ದಿಲ್ಲ. ಎದೆ ಹಗುರಾಯಿತು. ಒಳಗೆ ಬಂದರೆ ಹಾಲು ಕೆನೆಗಟ್ಟಿ ಹಾಗೇ ಇತ್ತು. ಅಕ್ಕ ಎಚ್ಚರವಿದ್ದಳು. ಇತ್ತ ತಿರುಗಿ, ನೇರ ಇವಳನ್ನೇ ನೋಡುತ್ತಿದ್ದಳು. ಊರುಗೋಲು ನೆಲದ ಮೇಲೆ ಬಿದ್ದಿತ್ತು.

"ಕಳ್ಳಿ," ಅಂದಳು ಅಕ್ಕ. "ಎಲ್ಲಿಟ್ಟೆ ನನ್ನ ಶಾಲು?"

ಉಣ್ಣೆಯಮ್ಮ ಬಗ್ಗಿ ಊರುಗೋಲನ್ನು ಎತ್ತಿಕೊಂಡಳು.

"ಅರ್ಧ ದಿನ ಆ ಕೋಲಿನ ಕೊಕ್ಕೆ ಹಾಕಿ ಮಂಚದ ಕೆಳಗೆಲ್ಲ ಹುಡುಕಿದೀನಿ. ನೀನು ಬಿಚ್ಚೋದು, ನಾನು ಹೆಣೆಯೋದು, ನೀನು ಬಿಚ್ಚೋದು. ನಮ್ಮಿಬ್ಬರನ್ನ ನೋಡಿ ದೇವರಿಗೇ ತಲೆ ತಿರುಗಿರಬೇಕು."

"ನೀನಾ? ಅಕ್ಕಾ, ನಿನ್ನ ಕೈ..."

"ಕೈ ಸತ್ರೆ ಏನಾಯ್ತೇ? ಕಂಕುಳು ಸತ್ತಿಲ್ಲ." ಅಕ್ಕ ಎಡಗೈಯಿಂದ ಬಲತೋಳನ್ನು ಎತ್ತಿ, ಅದರಡಿ ಏನನ್ನೋ ಸಿಕ್ಕಿಸಿದಂತೆ ಮಾಡಿ, ತೋಳನ್ನು ಮೇಲಿಂದ ಬಿಟ್ಟಳು. ಕಲ್ಲು ಹೇರಿದ ಹಾಗೆ ಕೂತಿತು. "ಒಂದು ಕಡ್ಡಿ ಇಲ್ಲಿ. ಇನ್ನೊಂದು ಎಡಗೈಲಿ. ಎಳೆ ಹಲ್ಲಲ್ಲಿ. ನಿನ್ನ ಕೀಲಿ ಸದ್ದಾದ್ರೆ ಚೀಲಕ್ಕೆ ತುರುಕಿ ಗೋಡೆ ಕಡೆ ತಿರುಗೋದು. ಈ ವಯಸ್ಸಲ್ಲಿ ಎಂಥ ಕಳ್ಳಾಟ ಆಡಿಸ್ದೆ ನನ್ನ ಹತ್ರ!"

ಉಣ್ಣೆಯಮ್ಮ ಮಂಚದ ಅಂಚಿಗೆ ಕುಸಿದಳು. ಅಷ್ಟು ದಿನ ಹೊತ್ತ ಭಯ ಒಮ್ಮೆಗೇ ಇಳಿದರೂ ಅದರ ಜಾಗಕ್ಕೆ ಬಂದದ್ದು ಸಮಾಧಾನವಲ್ಲ.

"ಯಾಕಕ್ಕ? ಮುಗಿದರೆ ಏನಾಗುತ್ತೆ ಅಂತ ನಿಂಗೆ ಗೊತ್ತಿಲ್ವಾ? ಊರೆಲ್ಲ ಆಡ್ಕೊಳ್ತಿದೆ."

"ಆಡ್ಕೊಳ್ಳಲಿ. ನಂಗೆ ಗಂಟು ಬೇಕು." ಅಕ್ಕ ಎಡಗೈಯಿಂದ ತಂಗಿಯ ಮಣಿಕಟ್ಟು ಹಿಡಿದಳು. "ಎಷ್ಟು ಜನಕ್ಕೆ ಹಾಕಿದೀನಿ ಪುಟ್ಟಿ. ಮುಖ ನೋಡದವರಿಗೂ ಹಾಕಿದೀನಿ. ಬಿದ್ದ ಮೇಲೆ ನನ್ನ ನೋಡೋಕೆ ಎಷ್ಟು ಜನ ಬಂದ್ರು, ನೀನೇ ಹೇಳು. ಆ ಬೆಂಚುಗಳ ಮೇಲೆ ನನ್ನ ಹೆಸರು ಒಂದು ಸಲ ಸಾಗಬೇಕು. ಅದಾಗದೆ ನೂರು ವರ್ಷ ಬದುಕು ಅಂದ್ರೂ ನಂಗೆ ಬೇಡ. ಹೋಗು, ತಗೊಂಡು ಬಾ."

ತಂದಳು. ಉಳಿದ ಸಾಲುಗಳನ್ನು ಇಬ್ಬರೂ ಹೆಣೆದರು, ಕಡ್ಡಿ ಅಕ್ಕನ ಕಂಕುಳಲ್ಲಿ, ಎಳೆ ತಂಗಿಯ ಬೆರಳಲ್ಲಿ, ಚಿಕ್ಕಂದಿನಲ್ಲಿ ಕಲಿಸುವಾಗ ಕೂತ ಹಾಗೆ ಮೈಗೆ ಮೈ ತಾಗಿ. ಕೊನೆಯ ಕುಣಿಕೆಯೊಳಗಿಂದ ಎಳೆಯನ್ನು ಎಳೆದಾಗ ಅಕ್ಕ ಕಣ್ಣು ಮುಚ್ಚಿದಳು. ಕೆಳಗಿನ ಅಂಗಡಿಯ ಗಡಿಯಾರಗಳೆಲ್ಲ ನೆಲದ ಮೂಲಕ ಕೇಳಿಸಿದವು. ಅಕ್ಕನ ಎದೆಯ ಮೇಲೆ ಹೊದಿಕೆ ಅಲುಗಲಿಲ್ಲ. ಉಣ್ಣೆಯಮ್ಮ ಕೂಗಲೆಂದು ಬಾಯಿ ತೆರೆದಳು.

"ಇನ್ನೂ ಇದ್ದೀನಿ," ಅಂದಳು ಅಕ್ಕ, ಕಣ್ಣು ತೆರೆಯದೆ. "ಟೀ ಮಾಡು."

ಭಾನುವಾರ ಶಾಲನ್ನು ಮೊದಲ ಬೆಂಚಿಗೆ ಕೊಟ್ಟವರು ಸ್ತ್ರೀಯರ ಸಂಘದ ಅಧ್ಯಕ್ಷೆ. ಪಾಸ್ಟರಯ್ಯ ಅಕ್ಕನ ಹೆಸರು ಹೇಳಿದರು. ಹಾರ್ಮೋನಿಯಂ ಸಣ್ಣಗೆ ನುಡಿಯುತ್ತಿತ್ತು. ಶಾಲು ಮಡಿಲಿನಿಂದ ಮಡಿಲಿಗೆ ಸಾಗುವುದನ್ನು ಉಣ್ಣೆಯಮ್ಮ ಹಿಂದಿನ ಬೆಂಚಿನಿಂದ ನೋಡಿದಳು. ತಲೆಗಳು ಬಾಗುತ್ತಿದ್ದವು, ತುಟಿಗಳು ಅಲುಗುತ್ತಿದ್ದವು, ಬೆರಳುಗಳು ಅಂಚಿನ ಹತ್ತಿರ ಆಡುತ್ತಿದ್ದವು. ಕ್ಷೌರಿಕನೂ ಕಣ್ಣು ಮುಚ್ಚಿ ತುಂಬ ಹೊತ್ತು ಹಿಡಿದುಕೊಂಡ. ಆಕೆಯ ಕಣ್ಣು ತುಂಬಿ ಬಂತು. ಸುಮ್ಮನೆ ಇಲ್ಲದ್ದು ನೆನೆದು ಜನರ ಮೇಲೆ ತಪ್ಪು ಹೊರಿಸಿದೆನಲ್ಲ ಎಂದುಕೊಂಡಳು.

ಶಾಲು ಎಲ್ಲ ಬೆಂಚು ದಾಟಿ ಆಕೆಯ ಮಡಿಲಿಗೆ ಬಂತು. ಕುಚ್ಚಿಗೆ ಬೆರಳು ಹಾಕಿದಳು. ಎಳೆಗಳು ಆಗ ತಾನೇ ಬಾಚಿದ ಕೂದಲಿನ ಹಾಗೆ ನೇರವಾಗಿ ಜಾರಿದವು. ಈ ಅಂಚು ನೋಡಿದಳು, ತಿರುಗಿಸಿ ಆ ಅಂಚು ನೋಡಿದಳು. ಒಂದು ಗಂಟೂ ಇರಲಿಲ್ಲ. ಅಷ್ಟೂ ಜನ ಕಟ್ಟಿದಂತೆ ಮಾಡಿದ್ದರು. ಪಕ್ಕದವರು ಕಟ್ಟುತ್ತಾರೆ, ನಾನೊಬ್ಬ ಬಿಟ್ಟರೇನು ಎಂದು ಪ್ರತಿಯೊಬ್ಬರೂ. ತಲೆಯೆತ್ತಿ ನೋಡಿದರೆ ಎಲ್ಲರ ಬೆನ್ನೂ ನೆಟ್ಟಗಿತ್ತು, ಒಬ್ಬರೂ ಹಿಂದಿರುಗಿ ನೋಡಲಿಲ್ಲ. ಹಾಡು ಎಂದಿನಂತೆ ದೊಡ್ಡದಾಗಿ ಎದ್ದಿತು.

ಹೊರಗೆ ಅಧ್ಯಕ್ಷೆ ಆಕೆಯ ಮೊಣಕೈ ಹಿಡಿದರು. "ಪ್ರಾರ್ಥನೆ ಮಾಡಿದಾರಲ್ಲಮ್ಮ, ಅದು ಮುಖ್ಯ. ಗಂಟು ಏನು, ಬರೀ ದಾರ."

"ಬರೀ ದಾರ ಆದ್ರೆ ನೀವು ಒಂದು ಕಟ್ಟಿ."

ಅಧ್ಯಕ್ಷೆ ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು.

ಮನೆಗೆ ಹೋಗುವ ಧೈರ್ಯ ಉಣ್ಣೆಯಮ್ಮನಿಗೆ ಬರಲಿಲ್ಲ. ಅಕ್ಕ ಮೊದಲು ಮಾಡುವ ಕೆಲಸವೆಂದರೆ ಎಡಗೈ ಬೆರಳನ್ನು ಕುಚ್ಚಿನಲ್ಲಿ ಆಡಿಸುವುದು. ತಾನೇ ಕೂತು ಎಲ್ಲ ಗಂಟು ಹಾಕಿಬಿಡಬಹುದಿತ್ತು, ಆದರೆ ತಂಗಿಯ ಗಂಟನ್ನು ಅಕ್ಕ ಕತ್ತಲಲ್ಲೂ ಗುರುತಿಸಬಲ್ಲಳು. ಪಾಳಿಗೆ ಹೊತ್ತಾಗಿತ್ತು. ನಿಲ್ದಾಣಕ್ಕೆ ನಡೆದು, ಶಾಲನ್ನು ಕೌಂಟರಿನ ಮೇಲೆ ಹರಡಿ, ಅದರ ಮುಂದೆ ಸುಮ್ಮನೆ ನಿಂತಳು.

"ಏನಮ್ಮಾ, ಇವತ್ತು ಸಾಮಾನಿನ ಬದಲು ಸೀರೆ ಅಂಗಡಿ ಇಟ್ಟಿದ್ದೀರಾ?" ಎಂದ ಹಿರಿಯ ಕೂಲಿ. ಮುಖ ನೋಡಿ ದನಿ ಇಳಿಸಿದ. "ಯಾಕಮ್ಮಾ?"

ಹೇಳಿದಳು. ಮೇಷ್ಟ್ರ ವಿಷಯವನ್ನೂ ಬಿಡದೆ, ಊರಿನ ಮಾತನ್ನೂ ಮುಚ್ಚದೆ. ಅವನು ಕೆಂಪು ಅಂಗಿಯ ತೋಳಿನಿಂದ ಮೂಗೊರೆಸಿಕೊಂಡ.

"ಗಂಟು ತಾನೆ? ಬೆಳಗ್ಗಿಂದ ಸಂಜೆತನಕ ಇನ್ನೇನು ಮಾಡ್ತೀನಿ ನಾನು? ಕೊಡಿ. ಏನಂತ ಬೇಡ್ಕೋಬೇಕು?"

"ನಿಂಗೆ ಏನು ತೋಚುತ್ತೋ ಅದು."

"ಚಳಿ ಆಗದೇ ಇರಲಿ ಅಂತೀನಿ. ನಂಗೆ ಗೊತ್ತಿರೋದು ಅಷ್ಟೆ." ಪೆಟ್ಟಿಗೆ ಬಿಗಿಯುವ ಗಂಟನ್ನೇ ಹಾಕಿ, ಎರಡು ಸಲ ಜಗ್ಗಿ ನೋಡಿದ. "ಇದು ಬಿಚ್ಚಿದರೆ ನನ್ನ ಹೆಸರು ಬೇರೆ."

ಉಳಿದ ಕೂಲಿಗಳು ಬಂದರು. ಟೀ ಮಾರುವವನು ಕೈ ಒರೆಸಿಕೊಂಡು ಬಂದ. ತಡವಾದ ರೈಲಿಗೆ ಕಾಯುತ್ತಿದ್ದ ಪ್ರಯಾಣಿಕರು, ಒಬ್ಬ ಬಾಣಂತಿ, ಒಬ್ಬ ಸೈನಿಕ, ಏನೆಂದು ವಿಚಾರಿಸಿ, ಹಿಂದಿನವರಂತೆ ಮಾಡಿದರು. ಕೆಲವರು ಕೇಳಿ ಹಿಂದೆ ಸರಿದರು, ಸರಿದವರನ್ನು ಯಾರೂ ಏನೂ ಅನ್ನಲಿಲ್ಲ. ಆ ಹೊತ್ತಿನಲ್ಲಿ ಪ್ಲಾಟ್‌ಫಾರ್ಮ್ ವಿಚಿತ್ರವಾಗಿ ನಿಶ್ಶಬ್ದವಾಗಿತ್ತು. ಹಕ್ಕಿಗಳೂ ಕಂಬಿಯ ಮೇಲೆ ಕೂತು ಕೆಳಗೆ ನೋಡುತ್ತಿದ್ದವು. ಗಂಟಾದ ಒಂದೊಂದು ಎಳೆಗೂ ಶಾಲು ಒಂದಿಷ್ಟು ಭಾರವಾಗುತ್ತಿರುವಂತೆ ಉಣ್ಣೆಯಮ್ಮನ ಕೈಗೆ ತೋರಿತು. ಹಿಡಿದ ತುದಿ ಯಾರೋ ಆ ಕಡೆಯಿಂದ ಮೆಲ್ಲಗೆ ಜಗ್ಗಿದ ಹಾಗೆ. ಆ ಕಡೆ ಯಾರೂ ಇರಲಿಲ್ಲ. ಆಕೆ ಬಿಡಲಿಲ್ಲ.

ಕೊನೆಯ ಕೆಲವು ಎಳೆಗಳು ಉಳಿದಿದ್ದಾಗ ಪಾಸ್ಟರಯ್ಯ ಬಂದರು, ಏದುಸಿರು ಬಿಡುತ್ತ, ಇನ್ನೂ ಬಿಳಿ ನಿಲುವಂಗಿಯಲ್ಲೇ. ಅಧ್ಯಕ್ಷೆ ಹೇಳಿರಬೇಕು. ದಪ್ಪ ದಪ್ಪ ಗಂಟುಗಳನ್ನು ನೋಡಿದರು, ಕೂಲಿಗಳನ್ನು ನೋಡಿದರು. ಅವರ ಮುಖ ಬೆವತಿತ್ತು.

"ನಮ್ಮಿಂದ ತಪ್ಪಾಯ್ತಮ್ಮ," ಅಂದರು. "ನನ್ನಿಂದಲೇ ಶುರುವಾದದ್ದು."

ಉಣ್ಣೆಯಮ್ಮ ಉಳಿದ ಎಳೆಗಳನ್ನು ಅವರ ಕಡೆ ಚಾಚಿದಳು. ಅವರು ಎರಡನ್ನು ಹಿಡಿದರು, ಒಂದರ ಮೇಲೊಂದು ತಂದರು, ಅಲ್ಲಿಗೇ ನಿಂತರು.

"ಕಟ್ತೀನಿ. ಖಂಡಿತ ಕಟ್ತೀನಿ. ಆದರೆ ಒಂದು ಮಾತು ಕೇಳಿ, ಕೋಪ ಮಾಡ್ಕೋಬೇಡಿ. ಇವತ್ತೇ ಹೊದಿಸಬೇಕಾ? ಸ್ವಲ್ಪ ದಿನ ಹೋಗಲಿ. ಜನರ ಮನಸ್ಸು ತಿಳಿಯಾಗಲಿ. ಅಕಸ್ಮಾತ್ ಇವತ್ತೇ ಏನಾದ್ರೂ ಆದ್ರೆ ನಮ್ಮ ಸಭೆಯ ಸೇವೆಯೆಲ್ಲ..."

"ಅಲ್ಲಿ ಅಕ್ಕನಿಗೆ ಚಳಿ ಅಯ್ಯಾ."

"ಗೊತ್ತು. ನಾನು ಹೇಳೋದು ಏನಂದ್ರೆ, ಪ್ರಾರ್ಥನೆಗೂ ಒಂದು ಸಮಯ ಅಂತ..."

ಉಣ್ಣೆಯಮ್ಮ ಶಾಲನ್ನು ಎಳೆದುಕೊಂಡಳು. ಎರಡು ಎಳೆ ಅವರ ಬೆರಳ ನಡುವಿನಿಂದ ಜಾರಿ ಬಂದವು. ಅದನ್ನು ಚೀಲಕ್ಕೆ ಹಾಕದೆ, ಮುಚ್ಚದೆ, ಎರಡೂ ತೋಳುಗಳ ಮೇಲೆ ಮಲಗಿಸಿಕೊಂಡು, ಕೌಂಟರಿನ ಹಲಗೆಯನ್ನು ಮೊಣಕೈಯಿಂದ ಎತ್ತಿ ಹೊರಗೆ ಬಂದಳು. ಹಿರಿಯ ಕೂಲಿ ಏನೂ ಕೇಳದೆ ಆಕೆಯ ಸ್ಟೂಲಿನ ಮೇಲೆ ಕೂತ. ಜನ ದಾರಿ ಬಿಟ್ಟರು.

"ಅಮ್ಮಾ, ನಿಲ್ಲಿ, ನಾನಿನ್ನೂ ಹೇಳ್ತಾ ಇದ್ದೀನಿ," ಎಂದರು ಪಾಸ್ಟರಯ್ಯ. ಆಕೆ ಗೇಟು ದಾಟಿ ಮನೆಯ ದಾರಿಯ ಬಿಸಿಲಿಗಿಳಿದಿದ್ದಳು.